ಕಣ್ಣೀರು ಒರೆಸುವವರೇ, ಹೊಡೆದವನ ಹೆಸರನ್ನೂ ಹೇಳಿ

ಹಾಸ್ಟೆಲ್ ಗೆಳೆಯರೇ,

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಕಲ್ಪವೃಕ್ಷದ ನಾಡು ಅಂತ ಹೆಸರು. ಕೇಳಿದ್ದನ್ನೆಲ್ಲಾ ಕೊಡುವ ಮರವಂತೆ. ಯಾರು ಕೇಳಿದರೆ ಕೊಡುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಾಯಿ ಅಟ್ಟದ ಮೇಲೆ ಎಂಟು, ಹತ್ತು, ಹನ್ನೆರಡು ತಿಂಗಳು ಕೂತು ಒಳಗಿನ ನೀರು ಆರಿದರೆ ಉಂಡೆ ಕೊಬ್ಬರಿ. ಅಟ್ಟ ಇದ್ದವನು ಬೆಲೆ ಬರಲಿ ಅಂತ ಕಾಯಬಹುದು. ಮರ ಹತ್ತಿ ಕಾಯಿ ಕೆಡವುವವನಿಗೆ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ದಿನವಿಡೀ ಮಟ್ಟೆ ಸುಲಿಯುವವನಿಗೆ, ಕರಟ ಹೊರುವ ಹೆಂಗಸಿಗೆ ಅಟ್ಟ ಎಲ್ಲಿಂದ ಬರಬೇಕು? ಅವರ ಹೊಟ್ಟೆ ಸಂಜೆಯ ಕೂಲಿಯವರೆಗೂ ಕಾಯೋದಿಲ್ಲ.

ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿತು. 2025ಕ್ಕೆ 12,100. ಬೆಲೆ ಬಿದ್ದಾಗ ಧರಣಿ ನಡೆಯುತ್ತದೆ, ಶಾಸಕರು ಮಾತಾಡುತ್ತಾರೆ, ಪೇಪರಿನಲ್ಲಿ ಬರುತ್ತದೆ. ಬೆಳೆಗಾರನ ಕಷ್ಟ ಸುಳ್ಳಲ್ಲ. ಅವನ ಹೋರಾಟಕ್ಕೆ ನಮ್ಮ ವಿರೋಧವೂ ಇಲ್ಲ. ಆದರೆ ನಲವತ್ತು ಐವತ್ತು ಅಡಿ ಮೇಲಿಂದ ಬಿದ್ದವನ ಬೆನ್ನುಮೂಳೆಗೆ ಬೆಂಬಲ ಬೆಲೆ ಕಟ್ಟಿದವರು ಯಾರು?

ಬಿದ್ದವನನ್ನು ಆಟೋಗೆ ಹಾಕಿ ತಿಪಟೂರಿಗೆ, ಅಲ್ಲಿಂದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಒಯ್ಯುತ್ತಾರೆ. ತೋಟದ ಯಜಮಾನರು ಮೊದಲ ದಿನ ಬಂದು ಒಂದಿಷ್ಟು ದುಡ್ಡು ಕೈಗಿಡುತ್ತಾರೆ. ಆಮೇಲೆ ಅದೂ ಸಾಲದ ಲೆಕ್ಕಕ್ಕೆ ಸೇರುತ್ತದೆ. ಮೂರು ತಿಂಗಳಾಗಿ ಅವನು ಮಂಚಕ್ಕೆ ಅಂಟಿಕೊಂಡ ಮೇಲೆ ಹಟ್ಟಿಗೆ ಯಾರು ಬರ್ತಾರೆ? ಶಾಸಕರು ಬರಲ್ಲ. ಮಠದವರು ಬರಲ್ಲ. ಊರ ದೇವಸ್ಥಾನದ ಪೂಜಾರಿ ಆ ಹಾದಿಯನ್ನೇ ತುಳಿಯಲ್ಲ. ಹಳೇ ಬೈಕಿನಲ್ಲಿ ಒಬ್ಬ ಪಾಸ್ಟರು ಬರ್ತಾರೆ. ಮಂಚದ ಪಕ್ಕ ಕೂರ್ತಾರೆ. ಬೆನ್ನಿನ ಹುಣ್ಣಿನ ವಾಸನೆಗೆ ಮೂಗು ಮುಚ್ಚಿಕೊಳ್ಳೋದಿಲ್ಲ. ತಲೆ ಮೇಲೆ ಕೈ ಇಡ್ತಾರೆ. ಆ ಮನೆಯ ಲೋಟದಲ್ಲೇ ನೀರು ಕುಡೀತಾರೆ. ಅವನ ಹೆಂಡತಿ ಮದುವೆಯಾಗಿ ಬಂದಲಾಗಾಯ್ತು ತುಂಬಿಟ್ಟುಕೊಂಡಿದ್ದ ಅಳುವನ್ನೆಲ್ಲಾ ಅತ್ತು ಮುಗಿಸುವತನಕ ಎದ್ದು ಹೋಗೋದಿಲ್ಲ.

ನಡೆದದ್ದು ಇಷ್ಟು. ಮಾರನೇ ದಿನ ಊರೊಳಗೆ ಗುಲ್ಲೋ ಗುಲ್ಲು: ಮತಾಂತರ! ಮತಾಂತರ!

ಅವರು ಕೊಟ್ಟರೆ ಆಮಿಷ

ಈ ಗುಲ್ಲು ಎಬ್ಬಿಸುವವರನ್ನು ಮೊದಲು ವಿಚಾರಿಸೋಣ.

ಹೊಸದುರ್ಗ ನಮಗೆ ದೂರದ ಊರೇನಲ್ಲ, ಹುಳಿಯಾರು ದಾಟಿದರೆ ಸಿಗುತ್ತೆ. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕರು ವಿಧಾನಸಭೆಯಲ್ಲಿ ಎದ್ದು ನಿಂತು ತಮ್ಮ ತಾಯಿಯನ್ನೇ ಕ್ರೈಸ್ತರು ಮತಾಂತರ ಮಾಡಿದರೆಂದು ಹೇಳಿದರು. ಸಮೀಕ್ಷೆಗೆ ಆದೇಶವಾಯಿತು. ತಾಲ್ಲೂಕಿನಲ್ಲಿ ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ತಹಶೀಲ್ದಾರರ ವರದಿ ಬಂತು. ಆಮೇಲೆ ಆ ತಹಶೀಲ್ದಾರರ ವರ್ಗಾವಣೆಯೂ ಆಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಅದೇ ಕಾಯ್ದೆಯಾಯಿತು. ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ. ಹೆಸರು ನೋಡಿ ಮೋಸ ಹೋಗಬೇಡಿ. ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದು, ಒಳ್ಳೆಯ ಬದುಕಿನ ಆಸೆ, ಇವೆಲ್ಲಾ ಅದರೊಳಗೆ ಆಮಿಷದ ಪಟ್ಟಿಗೆ ಸೇರಿದವು. ಮತಾಂತರವಾದವರು ಹೆಂಗಸರು, ಅಪ್ರಾಪ್ತರು, ಪರಿಶಿಷ್ಟ ಜಾತಿ ಪಂಗಡದವರಾದರೆ ಮಾಡಿಸಿದವರಿಗೆ ಶಿಕ್ಷೆ ಹೆಚ್ಚು: ಮೂರರಿಂದ ಹತ್ತು ವರ್ಷ ಜೈಲು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು.

ಶಿಕ್ಷೆ ಹೆಚ್ಚಿಟ್ಟದ್ದು ಯಾಕೆ ಅಂತ ಕೇಳಿ. ಹೆಂಗಸು, ಮಗು, ಹೊಲೆಯ, ಮಾದಿಗ, ಇವರಿಗೆಲ್ಲಾ ಸ್ವಂತ ಬುದ್ಧಿ ಇಲ್ಲ, ಹಾಲಿನ ಪುಡಿ ತೋರಿಸಿದರೆ ಹಿಂದೆ ಹೋಗ್ತಾರೆ ಅನ್ನೋದೇ ಇದರ ಒಳ ಅರ್ಥ. ಮನು ಸತ್ತಿಲ್ಲ ಗೆಳೆಯರೇ. ಕಾಯ್ದೆ ಪುಸ್ತಕದೊಳಗೆ ಕೂತು ಕೆಮ್ಮುತ್ತಿದ್ದಾನೆ.

ನಮ್ಮ ಪಕ್ಕದ ಸಿದ್ಧಗಂಗೆಯಲ್ಲಿ ಸಾವಿರಾರು ಬಡಮಕ್ಕಳು ಉಂಡು ಓದಿದರು. 2019ರ ಜನವರಿ 21ರಂದು ಶಿವಕುಮಾರ ಸ್ವಾಮಿಗಳು ತೀರಿಕೊಂಡಾಗ ಎಲ್ಲ ಜಾತಿಯವರೂ ಅತ್ತರು. ನಾವೂ ಅದನ್ನು ಗೌರವದಿಂದಲೇ ನೆನೆಯುತ್ತೇವೆ. ಅದಕ್ಕೆ ದಾಸೋಹ ಅಂತ ಹೆಸರು. ಆದರೆ ಅದೇ ಅನ್ನವನ್ನು, ಅದೇ ಅಕ್ಷರವನ್ನು ಪಾದ್ರಿ ಕೊಟ್ಟರೆ ಆಮಿಷ ಅನ್ನೋದು ಯಾವ ಲೆಕ್ಕ? ಅನ್ನಕ್ಕೆ ಎರಡು ಹೆಸರು ಯಾಕಿಟ್ಟಿರಿ? ಚಹಾದಂಗಡಿಯಲ್ಲಿ ಎರಡು ಲೋಟ ಇಟ್ಟವರೇ ಅನ್ನಕ್ಕೂ ಎರಡು ಹೆಸರಿಟ್ಟಿದ್ದಾರೆ.

ಇವರಿಗೆ ನಾವು ಹೇಳುವುದು ಒಂದೇ ಮಾತು. ನಮ್ಮವರು ಇನ್ನೊಬ್ಬರ ಪ್ರಾರ್ಥನೆಗೆ ಹೋಗುವುದು ನಿಮಗೆ ಅಷ್ಟು ನೋವಾದರೆ, ಪಾಸ್ಟರಿಗಿಂತ ಮೊದಲು ನೀವೇ ಬನ್ನಿ. ಮಂಚದ ಪಕ್ಕ ಕೂರಿ. ಹುಣ್ಣು ತೊಳೆಯಿರಿ. ನಮ್ಮ ಲೋಟದಲ್ಲಿ ನೀರು ಕುಡಿಯಿರಿ. ನಮ್ಮವ್ವಂದಿರು ಹೋಗೋದು ಹಾಲಿನ ಪುಡಿಗಲ್ಲ ಕಣ್ರಪ್ಪ. ಯಾರೋ ಒಬ್ಬರು ಮುಟ್ಟಿದರು ಅಂತ ಹೋಗ್ತಾರೆ. ಸಾವಿರಾರು ವರ್ಷ ಮುಟ್ಟದೇ ಇದ್ದವರಿಗೆ ಮುಟ್ಟುವುದರ ಬೆಲೆ ಹೇಗೆ ಗೊತ್ತಾಗಬೇಕು?

ಬರಗಾಲದಲ್ಲಿ ಬಂದವರು

ಕ್ರೈಸ್ತರ ಸೇವೆ ನಿನ್ನೆ ಮೊನ್ನೆ ಯಾರೋ ಡಾಲರಿಗೆ ಶುರು ಮಾಡಿದ್ದು ಅಂತ ಕೆಲವರು ಭಾಷಣ ಮಾಡ್ತಾರೆ. ಬಿ.ಎಚ್. ರಸ್ತೆಯಲ್ಲಿ ತಿಪಟೂರಿನಿಂದ ತುಮಕೂರಿಗೆ ಹೋಗುವಾಗ ಗುಬ್ಬಿ ಸಿಗುತ್ತದಲ್ಲಾ, ಅಲ್ಲಿ 1830ರ ದಶಕದ ಕೊನೆಯಲ್ಲೇ ವೆಸ್ಲಿಯನ್ ಮಿಷನ್ನಿನವರು ಬಂದು ನೆಲೆ ನಿಂತಿದ್ದರು. ವಿಲಿಯಂ ಆರ್ಥರ್ ಎಂಬ ಪಾದ್ರಿ ಗುಬ್ಬಿಯಲ್ಲಿದ್ದವನು. ಮೈಸೂರು ಸೀಮೆಯ ಅನುಭವವನ್ನು ಅವನು ಬರೆದ ಪುಸ್ತಕ 1847ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

1876ರಿಂದ 78ರವರೆಗೆ ದೊಡ್ಡ ಬರ ಬಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಐವತ್ತು ಲಕ್ಷ ಮೀರಿದ್ದರು. 1881ರಲ್ಲಿ ಎಣಿಸಿದಾಗ ನಲವತ್ತೆರಡು ಲಕ್ಷವೂ ಇರಲಿಲ್ಲ. ಆ ಬರದಲ್ಲಿ ಮೊದಲು ಸತ್ತವರು ಯಾರು? ಹಗೇವಿನಲ್ಲಿ ರಾಗಿ ಇಟ್ಟುಕೊಂಡವರೇ? ಅಲ್ಲ. ಕೂಲಿಯನ್ನೇ ನಂಬಿದವರು. ಕೂಲಿ ನಿಂತ ದಿನವೇ ಅವರ ಉಸಿರೂ ನಿಲ್ಲತೊಡಗಿತು. ತಬ್ಬಲಿಯಾದ ಮಕ್ಕಳನ್ನು ಬಾಚಿಕೊಂಡು ಸಾಕಿದವರಲ್ಲಿ ಮಿಷನ್ನಿನವರೂ ಇದ್ದರು. ಆ ಮಕ್ಕಳು ಕ್ರೈಸ್ತರಾದರು, ನಿಜ. ಹೆಣವಾಗುವುದಕ್ಕಿಂತ ಕ್ರೈಸ್ತರಾದದ್ದು ಕೆಟ್ಟದ್ದು ಅನ್ನುವವನು ಆ ಮಕ್ಕಳ ಮುಂದೆ ನಿಂತು ಹೇಳಲಿ.

ಹಾಸನದ ರೆಡ್‌ಫರ್ನ್ ಆಸ್ಪತ್ರೆ, 1906ರಲ್ಲಿ ಶುರುವಾದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಇವು ಅದೇ ಮಿಷನ್ನಿನವು. ನಮ್ಮ ಅಜ್ಜಿಯರ ಕಾಲಕ್ಕೆ ಹೆರಿಗೆ ಕಷ್ಟವಾದ ಹೆಣ್ಣನ್ನು ಜಾತಿ ಕೇಳದೆ ಮುಟ್ಟುವ ಕೈ ಇಂಥ ಕಡೆ ಸಿಗುತ್ತಿತ್ತು. ಋಣ ಋಣವೇ. ಅಲ್ಲಗಳೆಯುವವರು ನಾವಲ್ಲ.

ಹಾಗಂತ ಕರುಣೆ ಕ್ರೈಸ್ತರೊಬ್ಬರ ಗುತ್ತಿಗೆಯೂ ಅಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಡಿದಾಗ ಸಾವಿತ್ರಿಬಾಯಿ ಫುಲೆ ರೋಗ ತಗುಲಿದ ಅಸ್ಪೃಶ್ಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ದವಾಖಾನೆಗೆ ತಂದರು. ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅವರನ್ನು ಮೊದಲ ಶಿಕ್ಷಕಿ ಅಂತ ಫೋಟೋ ಹಾಕುತ್ತೇವೆ. ಆ ಬೆನ್ನನ್ನು ನೆನೆಯುವುದಿಲ್ಲ.

ಪಾಸ್ಟರ್ ಅಣ್ಣಂದಿರಿಗೆ

ಈಗ ಮಾತು ಪಾಸ್ಟರ್‌ಗಳ ಕಡೆಗೆ. ನಿಮ್ಮನ್ನು ಹೊಡೆಯಲು ಬಂದವರ ಎದುರು ನಿಮ್ಮ ಪರ ನಿಲ್ಲುತ್ತೇವೆ. ಅದಕ್ಕೇ ನಿಮ್ಮ ಮುಖಕ್ಕೆ ಮುಖ ಕೊಟ್ಟು ಕೇಳುವ ಹಕ್ಕೂ ನಮಗಿದೆ.

ನೀವು ಮಂಚದ ಪಕ್ಕ ಕೂತು ಏನು ಹೇಳ್ತೀರಿ? ಇದು ನಿನ್ನ ಪಾಪದ ಫಲ, ಪಶ್ಚಾತ್ತಾಪ ಪಡು. ಅಥವಾ, ಇದು ದೇವರ ಪರೀಕ್ಷೆ, ಸಹಿಸಿಕೋ. ಅಥವಾ, ಮೇಲೆ ಪರಲೋಕದಲ್ಲಿ ನಿನಗೆ ಮನೆ ಇದೆ. ಅಯ್ಯಾ, ಊರ ಪೂಜಾರಿ ಹೇಳಿದ್ದೇನು? ಇದು ನಿನ್ನ ಹಿಂದಿನ ಜನ್ಮದ ಕರ್ಮ, ಅನುಭವಿಸು. ಎರಡರ ನಡುವೆ ಎಷ್ಟು ಗೇಣು ಅಂತರ ಇದೆ, ನೀವೇ ಅಳೆದು ಹೇಳಿ. ಮರದಿಂದ ಬಿದ್ದವನು ಯಾವ ಪಾಪ ಮಾಡಿದ್ದ? ಹಗ್ಗ ಕೊಡದವನು, ವಿಮೆ ಕಟ್ಟದವನು, ಬಿದ್ದ ಮೇಲೆ ತಿರುಗಿ ನೋಡದವನು, ಇವರು ಮಾಡಿದ್ದು ನಿಮ್ಮ ಪಾಪದ ಪಟ್ಟಿಯಲ್ಲಿ ಇಲ್ಲವೇ? ಕುಡಿಯಬೇಡ, ಬೀಡಿ ಸೇದಬೇಡ, ಸಿನಿಮಾ ನೋಡಬೇಡ ಅಂತ ಕೂಲಿಯವನಿಗೆ ಹೇಳುವ ಬಾಯಿ, ಕೂಲಿ ಕಡಿಮೆ ಕೊಡಬೇಡ ಅಂತ ತೋಟದವನಿಗೆ ಯಾಕೆ ಹೇಳುವುದಿಲ್ಲ?

ನಿಮ್ಮ ಪುಸ್ತಕದ ಕಥೆಯನ್ನೇ ತೆಗೆದುಕೊಳ್ಳಿ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಹೊಡೆದು ಕೆಡವಿದರು. ಪುರೋಹಿತ ಬಂದ, ನೋಡಿ ಆಚೆ ಬದಿಗೆ ಸರಿದು ಹೋದ. ಗುಡಿಯ ಸೇವೆಯ ಲೇವಿಯೂ ಹಾಗೇ ಹೋದ. ಸಮಾರ್ಯದವನೊಬ್ಬ ನಿಂತ, ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಹೊತ್ತುಕೊಂಡು ಹೋಗಿ ಛತ್ರದಲ್ಲಿ ದುಡ್ಡು ಕಟ್ಟಿದ. ಈ ಕಥೆಯನ್ನು ನೀವು ಹಟ್ಟಿಯಲ್ಲಿ ಹೇಳುವಾಗ ಏನು ಮಾಡ್ತೀರಿ ಅಂದರೆ, ಬಿದ್ದವನೇ ನಾವು, ಎತ್ತುವವರು ನೀವು. ಯಾವಾಗಲೂ ಹೀಗೇ.

ಸಮಾರ್ಯದವನು ಯಾರು? ಯೆಹೂದ್ಯರು ಮುಟ್ಟದವನು. ಅವನ ಪಾತ್ರೆಯಲ್ಲಿ ಅವರು ನೀರು ಕುಡಿಯುತ್ತಿರಲಿಲ್ಲ. ಅಂದರೆ ಆ ಕಾಲದ ಹೊಲೆಯ ಅವನು, ಮಾದಿಗ ಅವನು. ಕಥೆಯಲ್ಲಿ ಕರುಣೆ ತೋರಿದವನೇ ನಮ್ಮ ಕೇರಿಯವನು! ಮೇಲಿನವರು ದಾಟಿಕೊಂಡು ಹೋದ ಗಾಯಾಳುವನ್ನು ಎತ್ತಿದ್ದು ಕೀಳು ಅನ್ನಿಸಿಕೊಂಡವನ ಕೈ. ಇದನ್ನು ನಮ್ಮ ಹುಡುಗರಿಗೆ ಯಾರೂ ಹೇಳಲಿಲ್ಲ. ನಮ್ಮನ್ನು ಬಿದ್ದವರ ಜಾಗದಲ್ಲೇ ಮಲಗಿಸಿಬಿಟ್ಟಿರಿ.

ಇನ್ನೊಂದು ಕಥೆ. ಬಾವಿಯ ಹತ್ತಿರ ಸಮಾರ್ಯದ ಹೆಂಗಸನ್ನು ಯೇಸು ನೀರು ಕೇಳಿದ. ಗಮನಿಸಿ, ಮೊದಲು ಕೊಡಲಿಲ್ಲ, ಕೇಳಿದ. ಅವಳಿಗೇ ಗಾಬರಿಯಾಯಿತು, ನನ್ನ ಕೈಯ ನೀರು ಕೇಳ್ತಾನಲ್ಲಾ ಇವನು ಅಂತ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಕೆರೆಯ ನೀರು ಮುಟ್ಟಿದ್ದೂ ಬಾಯಾರಿಕೆಗಲ್ಲ. ನೀರಿನ ಪ್ರಶ್ನೆ ಮನುಷ್ಯನ ಪ್ರಶ್ನೆ ಅಂತ ಇಬ್ಬರಿಗೂ ಗೊತ್ತಿತ್ತು.

ಮತ್ತೂ ಒಂದು ಕೇಳಬೇಕು. ಆ ದಾರಿಯಲ್ಲಿ ಕಳ್ಳರು ಇನ್ನೂ ಇದ್ದಾರೋ ಇಲ್ಲವೋ? ದಿನಾ ಒಬ್ಬನನ್ನು ಹೊಡೆದು ಕೆಡವುತ್ತಿದ್ದರೆ, ದಿನಾ ಒಬ್ಬನಿಗೆ ಎಣ್ಣೆ ಹಚ್ಚಿ ಗಾಯ ಕಟ್ಟುವುದಷ್ಟೇ ಸಾಕೋ? ದಾರಿಯನ್ನು ಕಾಯುವವರು ಯಾರು? ಕಳ್ಳರ ಹೆಸರು ಹೇಳುವವರು ಯಾರು? ಕಳ್ಳನೇ ಬಂದು ನಿಮ್ಮ ಸಭಾಮಂದಿರದ ಚಾವಣಿಗೆ ಶೀಟು ಹಾಕಿಸಿಕೊಟ್ಟರೆ ಏನು ಮಾಡುವಿರಿ?

ಬಾಬಾಸಾಹೇಬರು ಮಿಷನರಿಗಳ ಶಾಲೆ ಆಸ್ಪತ್ರೆಗಳನ್ನು ಅಲ್ಲಗಳೆದವರಲ್ಲ. ಆದರೆ ಮತಾಂತರ ಹೊಂದಿದ ಅಸ್ಪೃಶ್ಯನ ಸ್ಥಿತಿಯ ಬಗ್ಗೆ ಬರೆಯುವಾಗ ಅವರು ಮಾಡಿದ ಆರೋಪ ಇವತ್ತಿಗೂ ಉತ್ತರವಿಲ್ಲದೆ ನಿಂತಿದೆ. ಕ್ರೈಸ್ತ ಸಮಾಜ ಸಾಮಾಜಿಕ ಅನ್ಯಾಯದ ವಿರುದ್ಧ ಎದ್ದು ನಿಲ್ಲಲಿಲ್ಲ, ಕಷ್ಟಕ್ಕೆ ಕಾರಣ ಮನುಷ್ಯನ ಪಾಪವೆಂದು ಕಲಿಸಿತೇ ಹೊರತು ಅವನನ್ನು ತುಳಿದ ಸಮಾಜವೆಂದು ಕಲಿಸಲಿಲ್ಲ ಅಂದರು. ಹಾಗಂತ ಅವರು ಕರುಣೆ ಬೇಡವೆಂದರೇ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಆರಿಸಿಕೊಂಡದ್ದು ಕರುಣೆಯನ್ನೇ ನಡುವೆ ಇಟ್ಟುಕೊಂಡ ಬುದ್ಧನನ್ನು. ದುಃಖವಿದೆ ಎಂದು ಹೇಳಿ ಸುಮ್ಮನಾಗದೆ ದುಃಖಕ್ಕೆ ಕಾರಣವಿದೆ ಎಂದವನನ್ನು.

ಚರ್ಚಿನೊಳಗಿನ ಜಾತಿಯ ಮಾತು ಬಿಡಲಾದೀತೇ? ತಿರುಚ್ಚಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆ ಎದ್ದಿದ್ದು ಲೋಕಕ್ಕೇ ಗೊತ್ತು. ಸತ್ತ ಮೇಲೂ ಕೇರಿ! 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೋಲಿಕ್ ಬಿಷಪ್ಪರ ಸಮ್ಮೇಳನ ದಲಿತ ಸಬಲೀಕರಣದ ನೀತಿ ಹೊರಡಿಸಿ, ತಮ್ಮೊಳಗೆ ಅಸ್ಪೃಶ್ಯತೆ ಇದೆ ಎಂದು ತಾವೇ ಒಪ್ಪಿಕೊಂಡಿತು. ಹೈದರಾಬಾದಿನ ಆರ್ಚ್‌ಬಿಷಪ್ ಅಂತೋಣಿ ಪೂಲ ಮೊದಲ ದಲಿತ ಕಾರ್ಡಿನಲ್ ಆದದ್ದು 2022ರಲ್ಲಿ. ಏಸು ಬಡಗಿಯ ಮಗ. ಅವನ ಸಭೆಗೆ ನಮ್ಮವನೊಬ್ಬ ಆ ಕುರ್ಚಿ ಹತ್ತಲು ಇಷ್ಟು ಶತಮಾನ ಬೇಕಾಯಿತು.

ಸಮಾಧಾನಕ್ಕೆ ದಂಡ

ಇದರ ಮೇಲೆ ಸರ್ಕಾರದ ಬರೆ. ಹಾಸ್ಟೆಲ್ ಹುಡುಗರು ಇದನ್ನು ಬಾಯಿಪಾಠ ಮಾಡಬೇಕು, ಯಾಕೆಂದರೆ ಇದು ನಿಮ್ಮ ಜಾತಿ ಪ್ರಮಾಣಪತ್ರದ ವಿಷಯ.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು, ಮುಸ್ಲಿಮರನ್ನು ಹೊರಗೇ ಇಟ್ಟರು. ಮದ್ರಾಸಿನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುವವರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಅದೇ ರಸ್ತೆಯಲ್ಲಿ ಅದೇ ಚಪ್ಪಲಿ ಹೊಲಿಯುವ ಒಬ್ಬನಿಗೆ ಕೊಡಲಿಲ್ಲ, ಅವನು ಕ್ರೈಸ್ತ ಅಂತ. 1985ರಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿಯನ್ನು ತಳ್ಳಿಹಾಕಿತು: ಮತಾಂತರದ ಮೇಲೂ ಜಾತಿಯ ಕಷ್ಟ ಅಷ್ಟೇ ಕಠಿಣವಾಗಿ ಉಳಿದಿದೆ ಅನ್ನಲು ಪುರಾವೆ ಸಾಲದಂತೆ. ಬಿಸಿಲಲ್ಲಿ ಕೂತು ಚರ್ಮ ಹೊಲಿಯುತ್ತಿದ್ದವನೇ ಪುರಾವೆಯಾಗಿ ಎದುರಿಗಿದ್ದ! 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಗೆರೆ ಅಳಿಸಬೇಕು ಅಂದಿತು. ವರದಿ ಧೂಳು ತಿಂದಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದನ್ನು ಕೂರಿಸಿದರು. 2024ರ ನವೆಂಬರಿನಲ್ಲಿ ಪುದುಚೇರಿಯ ಹೆಣ್ಣುಮಗಳೊಬ್ಬಳಿಗೆ, ನೀನು ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುವವಳು, ಕೆಲಸಕ್ಕಾಗಿ ಪರಿಶಿಷ್ಟ ಜಾತಿ ಅನ್ನಬೇಡ ಅಂತ ಸುಪ್ರೀಂ ಕೋರ್ಟು ಹೇಳಿತು. 2025ರಲ್ಲಿ ಆಂಧ್ರದ ಹೈಕೋರ್ಟು, ಪಾಸ್ಟರ್ ಆದ ದಲಿತನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಸಿಗದು ಅಂದಿತು.

ಬಯ್ಯುವವನು ಚರ್ಚಿನ ದಾಖಲೆ ನೋಡಿ ಬಯ್ಯುತ್ತಾನಾ? ಲೋಟ ದೂರ ಇಡುವವನು ದೀಕ್ಷಾಸ್ನಾನದ ಚೀಟಿ ಕೇಳುತ್ತಾನಾ? ಹೊಡೆಯುವವನಿಗೆ ಅವನು ಹೊಲೆಯ, ಕೋರ್ಟಿಗೆ ಅವನು ಕ್ರೈಸ್ತ. ಹೀಗಾಗಿ ನಮ್ಮವ್ವ ಸಮಾಧಾನಕ್ಕೆ ಅಂತ ಪ್ರಾರ್ಥನೆಗೆ ಹೋದರೆ ಅದಕ್ಕೆ ದಂಡ ಕಟ್ಟಬೇಕಾದವನು ಹಾಸ್ಟೆಲಿನಲ್ಲಿರುವ ಮಗ. ಅವನು ಸೀಟು ಹೋದೀತು ಅಂತ ಹೆದರುತ್ತಾನೆ. ಅವ್ವನ ಪ್ರಾರ್ಥನೆಯನ್ನು ಗೆಳೆಯರಿಂದ ಮುಚ್ಚಿಡುತ್ತಾನೆ. ಊರಿಗೆ ಹೋದಾಗ ಅವ್ವನ ಮೇಲೇ ರೇಗುತ್ತಾನೆ. ನೋಡಿದಿರಾ, ಜಾತಿ ಪದ್ಧತಿ ತಾಯಿ ಮಗನ ನಡುವೆಯೂ ಗೋಡೆ ಕಟ್ಟಿತು.

ನಮ್ಮಲ್ಲಿ ಕೆಲವರು, ಅವರನ್ನು ಸೇರಿಸಿಕೊಂಡರೆ ನಮ್ಮ ಪಾಲು ಕಡಿಮೆಯಾಗುತ್ತೆ ಅಂತಾರೆ. ಪಾಲಿನ ಪ್ರಶ್ನೆ ನಿಜವೇ. ಹಾಗಾದರೆ ಪಾಲನ್ನೇ ಹೆಚ್ಚಿಸಿ ಅಂತ ಕೇಳಬೇಕೋ, ಅಣ್ಣನನ್ನು ಮನೆಯಿಂದ ಹೊರಗೆ ಹಾಕಿ ಉಣ್ಣಬೇಕೋ?

ಹೆಸರು ಹೇಳಿದವನ ಗತಿ

ಕ್ರೈಸ್ತ ಕರುಣೆ ಕಳ್ಳನ ಹೆಸರು ಹೇಳಿದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ಇದೆ. ಜೆಸ್ಯೂಟ್ ಪಾದ್ರಿ ಸ್ಟ್ಯಾನ್ ಸ್ವಾಮಿ 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ನಮ್ಮ ದಲಿತ ಚಳವಳಿ ಕರ್ನಾಟಕದಲ್ಲಿ ಕಣ್ಣುಬಿಟ್ಟ ಕಾಲವೇ ಅದು. ಆಮೇಲೆ ಅವರು ಜಾರ್ಖಂಡಿಗೆ ಹೋಗಿ ಆದಿವಾಸಿಗಳ ನಡುವೆ ಬದುಕಿದರು. ಅಳುವವರ ಕಣ್ಣೊರೆಸಿ ಸುಮ್ಮನಿದ್ದಿದ್ದರೆ ಅವರಿಗೂ ಹಾರ ತುರಾಯಿ ಸಿಗುತ್ತಿತ್ತು. ಅವರು ಕೇಳಿದ್ದು: ಈ ನೆಲ ಯಾರದ್ದು? ಈ ಹುಡುಗರನ್ನು ವಿಚಾರಣೆ ಇಲ್ಲದೆ ಜೈಲಿನಲ್ಲಿ ಕೊಳೆಹಾಕಿದವರು ಯಾರು? 2020ರ ಅಕ್ಟೋಬರ್ 8ರಂದು ಎಂಬತ್ತಮೂರರ ಆ ಮುದುಕನನ್ನು ಯುಎಪಿಎ ಹಾಕಿ ಹಿಡಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ನೀರು ಕುಡಿಯಲು ಒಂದು ಹೀರುಗೊಳವೆ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನಿಗೆ ಕಾಯುತ್ತಲೇ, ಮುಂಬೈ ಆಸ್ಪತ್ರೆಯಲ್ಲಿ ಸತ್ತರು.

ಪಾಸ್ಟರ್ ಅಣ್ಣಂದಿರೇ, ಇಂಥವರು ನಿಮ್ಮವರು. ಇವರ ಫೋಟೋ ನಿಮ್ಮ ಎಷ್ಟು ಸಭೆಗಳ ಗೋಡೆ ಮೇಲಿದೆ?

ನಮ್ಮ ಕೆಲಸ

ಕೊನೆಗೆ ಹಾಸ್ಟೆಲಿನವರಿಗೆ. ದೌರ್ಜನ್ಯವಾದರೆ ಸಂಘಟನೆ ಬರುತ್ತೆ. ಕರಪತ್ರ ಬರುತ್ತೆ, ಮೆರವಣಿಗೆ ಬರುತ್ತೆ. ಬರಲೇಬೇಕು. ಆದರೆ ಜ್ವರಕ್ಕೆ, ಬಾಣಂತನಕ್ಕೆ, ಮುರಿದ ಬೆನ್ನಿಗೆ, ನೇಣು ಹಾಕಿಕೊಂಡ ಮಗನ ತಾಯಿಗೆ ಮೆರವಣಿಗೆ ಏನು ಮಾಡೀತು? ಅಲ್ಲಿ ಬೇಕಾದ್ದು ಒಬ್ಬ ಮನುಷ್ಯ, ಒಂದು ರಾತ್ರಿ. ಆ ಜಾಗ ಖಾಲಿ ಬಿಟ್ಟು, ಪಾಸ್ಟರು ಬಂದು ಕೂತರು ಅಂತ ಗೊಣಗಿದರೆ ಆಗಲ್ಲ.

ರಜೆಗೆ ಊರಿಗೆ ಹೋದಾಗ ಮಾಡಬೇಕಾದ್ದು ಇಷ್ಟು. ನಿಮ್ಮ ಹಟ್ಟಿಯಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಬರೆಯಿರಿ. ತಿಪಟೂರಿಗೋ ತುಮಕೂರಿಗೋ ಆಸ್ಪತ್ರೆಗೆ ಹೋಗುವವರ ಜೊತೆ ಒಬ್ಬರು ಹೋಗಿ, ಚೀಟಿ ಓದಿ ಹೇಳಿ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಅಂತ ಅಪಘಾತ ವಿಮೆ ಇದೆ, ಕಂತಿನ ಹೆಚ್ಚಿನ ಪಾಲು ಮಂಡಳಿಯೇ ಕಟ್ಟುತ್ತೆ. ನಿಮ್ಮ ಹಟ್ಟಿಯಲ್ಲಿ ಎಷ್ಟು ಜನರ ಹೆಸರು ಅದರಲ್ಲಿದೆ ಅಂತ ನೋಡಿ. ಇಲ್ಲದಿದ್ದರೆ ಅರ್ಜಿ ಬರೆದು ಹಾಕಿಸಿ. ಬಿದ್ದವನಿಗೆ ತೋಟದವನು ಕೊಟ್ಟದ್ದು ಸಾಲವೋ ಪರಿಹಾರವೋ ಅಂತ ನಾಲ್ಕು ಜನ ಹೋಗಿ ಎದುರು ನಿಂತು ಕೇಳಿ. ಪಾಸ್ಟರು ಅಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಪ್ರಾರ್ಥನೆ ಮುಗಿಸಿ ಬನ್ನಿ ಅಣ್ಣ, ಯಜಮಾನರ ಮನೆ ಮುಂದೆ ನಿಂತುಕೊಳ್ಳೋಣ ಅನ್ನಿ. ಬಂದರೆ ಅವರು ಸಮಾರ್ಯದವರು. ಬರದಿದ್ದರೆ ಆಚೆ ಬದಿಗೆ ಸರಿದು ಹೋದವರ ಪೈಕಿ.

ಅವ್ವನನ್ನು ಹಂಗಿಸಬೇಡಿ. ಅವಳು ಯಾವ ದೇವರ ಮುಂದೆ ಅತ್ತಳು ಅನ್ನೋದಕ್ಕಿಂತ ಅವಳು ಯಾಕೆ ಅತ್ತಳು ಅನ್ನೋದು ದೊಡ್ಡದು. ಅದನ್ನು ಅವಳ ಪಕ್ಕ ಕೂತು ಕೇಳಿ. ಕೇಳಿದ ಮೇಲೆ ಎದ್ದು ನಿಲ್ಲಿ.

ಎಣ್ಣೆ ಹಚ್ಚುವ ಕ್ರೈಸ್ತ ಕೈಗೆ ನಮ್ಮ ಶರಣು. ಎಣ್ಣೆ ಹಚ್ಚುತ್ತಲೇ ಕಳ್ಳನ ಹೆಸರು ಹೇಳುವ ಕೈಗೆ ನಮ್ಮ ಕೈ.

ಜೈ ಭೀಮ್.